ಗರ್ಭಕಂಠದ ಕ್ಯಾನ್ಸರ್: ದಂಪತಿಗಳು ತಿಳಿದಿರಬೇಕಾದ ಸಂಗತಿಗಳು

(ಪಾಮನಕಲ್ಲೂರಿನಲ್ಲಿ ನಡೆದ ವಿವಾಹಿತ ದಂಪತಿಗಳ ಸಭೆಯಲ್ಲಿ ವೈದ್ಯಾಧಿಕಾರಿಗಳು ನೀಡಿದ ಉಪನ್ಯಾಸ)



ಇಂದು ನಾನು ತಮ್ಮ ಮುಂದೆ ಪ್ರಸ್ತಾಪಿಸಲಿರುವ ವಿಷಯವು ಊರ ಕಟ್ಟೆಯ ಮೇಲಾಗಲಿ, ಮನೆಯ ಪಡಸಾಲೆಯಲ್ಲಾಗಲಿ ಸಾಮಾನ್ಯವಾಗಿ ಯಾರೂ ಮಾತನಾಡುವಂತಹುದಲ್ಲ. ಹೆಂಗಸರು ಇದನ್ನು ತಮ್ಮತಮ್ಮಲ್ಲಿಯೇ ಪಿಸುಮಾತಿನಲ್ಲಿ ಆಡಿಕೊಳ್ಳುತ್ತಾರೆ. ಗಂಡಸರು ಕೇಳಿಯೂ ಕೇಳದವರಂತೆ ಎದ್ದು ಹೋಗುತ್ತಾರೆ. ಆದುದರಿಂದಲೇ ಈ ದಿನ ಗಂಡ ಹೆಂಡತಿ ಇಬ್ಬರೂ ಜೊತೆಯಾಗಿ ಬರಬೇಕೆಂದು ತಮ್ಮಲ್ಲಿ ವಿನಂತಿಸಿಕೊಂಡಿದ್ದೆವು. ನಮ್ಮ ಮಾತಿಗೆ ಬೆಲೆ ಕೊಟ್ಟು, ಹೊಲದ ಕೆಲಸವನ್ನು ಬದಿಗಿಟ್ಟು ಬಂದಿರುವ ತಮಗೆಲ್ಲರಿಗೂ ಕೃತಜ್ಞತೆಗಳನ್ನು ಸಲ್ಲಿಸುತ್ತೇನೆ.

ನಾನು ಸರ್ಕಾರಿ ಸೇವೆಗೆ ಸೇರಿದ ಹೊಸದರಲ್ಲಿ ಬೇರೊಂದು ಊರಿನಲ್ಲಿ ಕೆಲಸ ಮಾಡುತ್ತಿದ್ದಾಗ ನಡೆದ ಸಂಗತಿಯೊಂದನ್ನು ಮೊದಲು ಹೇಳುತ್ತೇನೆ. ಸುಮಾರು 50 ವರ್ಷದ ತಾಯಿಯೊಬ್ಬರು ನಿಶ್ಶಕ್ತಿಯೆಂದು ಹೇಳಿಕೊಂಡು ಬಂದರು. ಕಣ್ಣಿನ ರೆಪ್ಪೆಯ ಒಳಭಾಗವು ಬಿಳಿಚಿಕೊಂಡಿತ್ತು. ರಕ್ತಹೀನತೆಯೆಂದು ತಿಳಿದು ಕಬ್ಬಿಣಾಂಶದ ಮಾತ್ರೆಗಳನ್ನು ಕೊಟ್ಟು ಕಳುಹಿಸಿದೆ. ಎರಡು ತಿಂಗಳ ನಂತರ ಅವರು ಮತ್ತೆ ಬಂದರು; ಮತ್ತೆ ಅದೇ ಮಾತ್ರೆಗಳನ್ನು ಕೊಟ್ಟೆ. ಮೂರನೆಯ ಸಲ ಬಂದಾಗ, ಜೊತೆಯಲ್ಲಿದ್ದ ಸೊಸೆಯು ನಮ್ಮ ಆರೋಗ್ಯ ಸಹಾಯಕಿಯ ಕಿವಿಯಲ್ಲಿ ಒಂದು ಮಾತು ಹೇಳಿದಳು. ಅತ್ತೆಗೆ ಮುಟ್ಟು ನಿಂತು ನಾಲ್ಕು ವರ್ಷಗಳಾಗಿದ್ದವು. ಆದರೆ ಹಿಂದಿನ ವರ್ಷದಿಂದ ಪುನಃ ರಕ್ತ ಕಾಣಿಸಿಕೊಳ್ಳುತ್ತಿತ್ತು. ಹೋದ ಮುಟ್ಟು ಮರಳಿ ಬಂದಿತೆಂದು ಅವರು ಭಾವಿಸಿದ್ದರು. ಪುರುಷ ವೈದ್ಯನ ಎದುರು ಅದನ್ನು ಹೇಳಲು ನಾಚಿಕೊಂಡಿದ್ದರು. ಪರೀಕ್ಷಿಸಿದಾಗ ಗರ್ಭಕಂಠದಲ್ಲಿ ಕ್ಯಾನ್ಸರ್ ಇರುವುದೂ, ಅದು ಅಕ್ಕಪಕ್ಕಕ್ಕೆ ಹಬ್ಬಿರುವುದೂ ಕಂಡುಬಂದಿತು. ಆ ತಾಯಿ ಹೇಳಲಿಲ್ಲ, ನಾನೂ ಕೇಳಲಿಲ್ಲ. ಹೇಳದಿದ್ದುದು ಅವರ ಸಂಕೋಚ, ಕೇಳದಿದ್ದುದು ನನ್ನ ತಪ್ಪು. ಅಂದಿನಿಂದ ನಿಶ್ಶಕ್ತಿಯೆಂದು ಬರುವ ಪ್ರತಿಯೊಬ್ಬ ತಾಯಿಯ ಮುಟ್ಟಿನ ವಿಚಾರವನ್ನು ನಾನು ಕೇಳಿಯೇ ಕೇಳುತ್ತೇನೆ. ತಾವು ನಮ್ಮಿಂದ ಮುಚ್ಚಿಡಬಾರದೆಂಬುದೇ ಇಂದಿನ ಮಾತಿನ ಉದ್ದೇಶವಾಗಿದೆ.

ರೋಗದ ಸ್ವರೂಪ

ಗರ್ಭಕೋಶವು ತಲೆಕೆಳಗಾಗಿ ಹಿಡಿದ ಒಂದು ಚಿಕ್ಕ ತಂಬಿಗೆಯಂತಿದೆ ಎಂದು ಭಾವಿಸಿಕೊಳ್ಳಿ. ತಂಬಿಗೆಯ ಹೊಟ್ಟೆಯಲ್ಲಿ ಮಗು ಬೆಳೆಯುತ್ತದೆ. ಕೆಳಗಿರುವ ಕಿರಿದಾದ ಕೊರಳೇ ಗರ್ಭಕಂಠ. ಮುಟ್ಟಿನ ರಕ್ತವು ಹೊರಬರುವುದೂ, ಮಗು ಹುಟ್ಟಿಬರುವುದೂ ಇದೇ ದಾರಿಯಿಂದ. ಇದನ್ನೇ ನಮ್ಮ ಕಡೆಯ ಹಿರಿಯ ಹೆಂಗಸರು ಗರ್ಭಚೀಲದ ಬಾಯಿ ಎನ್ನುತ್ತಾರೆ.

ನಮ್ಮ ಶರೀರವು ಅಸಂಖ್ಯಾತ ಸೂಕ್ಷ್ಮ ಜೀವಕೋಶಗಳಿಂದ ಕೂಡಿದೆ. ಹಳೆಯ ಕೋಶಗಳು ಸತ್ತು ಹೊಸವು ಹುಟ್ಟುವುದು ಒಂದು ಕ್ರಮದಲ್ಲಿ ನಡೆಯುತ್ತದೆ. ಯಾವುದೋ ಕಾರಣದಿಂದ ಒಂದೆಡೆಯ ಕೋಶಗಳು ಈ ಕ್ರಮವನ್ನು ಮೀರಿ ಮಿತಿಯಿಲ್ಲದೆ ಬೆಳೆಯತೊಡಗಿದರೆ ಅದನ್ನು ಕ್ಯಾನ್ಸರ್ ಅಥವಾ ಅರ್ಬುದ ರೋಗ ಎನ್ನುತ್ತೇವೆ. ಗರ್ಭಕಂಠದಲ್ಲಿ ಹೀಗಾಗುವುದಕ್ಕೆ ಕಾರಣವಾದ ರೋಗಾಣು ಯಾವುದೆಂಬುದು ಈಗ ನಿಶ್ಚಿತವಾಗಿ ತಿಳಿದಿದೆ. ಅದು ಎಚ್.ಪಿ.ವಿ. ಎಂಬ ವೈರಸ್. ಜರ್ಮನಿಯ ವಿಜ್ಞಾನಿ ಹೆರಾಲ್ಡ್ ಜುರ್ ಹೌಸೆನ್ ಅವರು 1983 ಮತ್ತು 1984ರಲ್ಲಿ ಈ ವೈರಸ್ಸಿನ 16 ಮತ್ತು 18ನೆಯ ಬಗೆಗಳನ್ನು ಗರ್ಭಕಂಠದ ಕ್ಯಾನ್ಸರಿನಲ್ಲಿ ಕಂಡುಹಿಡಿದರು. ಈ ಕಾರ್ಯಕ್ಕಾಗಿ ಅವರಿಗೆ 2008ರಲ್ಲಿ ನೊಬೆಲ್ ಪಾರಿತೋಷಕ ದೊರೆಯಿತು. ಈ ರೋಗದ ನೂರು ಪ್ರಕರಣಗಳಲ್ಲಿ ಸುಮಾರು 70ಕ್ಕೆ ಈ ಎರಡು ಬಗೆಗಳೇ ಕಾರಣವಾಗಿವೆ.

ಇಲ್ಲಿ ಒಂದು ಮಾತನ್ನು ಗಂಡಂದಿರೂ ಅತ್ತೆಯಂದಿರೂ ಗಮನವಿಟ್ಟು ಕೇಳಬೇಕು. ಈ ವೈರಸ್ ಸ್ತ್ರೀಪುರುಷರ ಸಂಪರ್ಕದಿಂದ ಹರಡುತ್ತದೆ. ಇದು ಎಷ್ಟು ಸಾಮಾನ್ಯವಾದುದೆಂದರೆ, ದಾಂಪತ್ಯ ಜೀವನ ನಡೆಸುವ ಬಹುಪಾಲು ಜನರಿಗೆ ಜೀವಿತದಲ್ಲಿ ಒಮ್ಮೆಯಾದರೂ ತಗಲಿರುತ್ತದೆ. ಅದು ಯಾವಾಗ ಬಂದಿತೆಂದಾಗಲಿ, ಯಾರಿಂದ ಬಂದಿತೆಂದಾಗಲಿ ಹೇಳಲು ಬರುವುದಿಲ್ಲ. ಒಬ್ಬನೇ ಗಂಡನೊಡನೆ ನಿಷ್ಠೆಯಿಂದ ಬಾಳಿದ ಹೆಣ್ಣುಮಗಳಿಗೂ ಬರಬಹುದು. ಆದುದರಿಂದ ಈ ರೋಗ ಬಂದವಳ ನಡತೆಯನ್ನು ಸಂಶಯಿಸುವುದು ಅನ್ಯಾಯವೂ ಹೌದು, ಅಜ್ಞಾನವೂ ಹೌದು. ರೋಗಿಯನ್ನು ಮುಟ್ಟುವುದರಿಂದಾಗಲಿ, ಒಂದೇ ತಾಟಿನಲ್ಲಿ ಉಣ್ಣುವುದರಿಂದಾಗಲಿ, ಒಂದೇ ಹಾಸಿಗೆಯಲ್ಲಿ ಮಲಗುವುದರಿಂದಾಗಲಿ ಕ್ಯಾನ್ಸರ್ ಮತ್ತೊಬ್ಬರಿಗೆ ಅಂಟುವುದಿಲ್ಲ. ಕುಟುಂಬ ಯೋಜನೆಯ ಶಸ್ತ್ರಚಿಕಿತ್ಸೆಯಿಂದಾಗಲಿ, ಕಾಪರ್-ಟಿ ಧರಿಸುವುದರಿಂದಾಗಲಿ ಈ ರೋಗ ಬರುತ್ತದೆಂಬ ಮಾತಿನಲ್ಲಿಯೂ ಹುರುಳಿಲ್ಲ.

ವೈರಸ್ ತಗಲಿದವರೆಲ್ಲರಿಗೂ ಕ್ಯಾನ್ಸರ್ ಆಗುತ್ತದೆಯೇ? ಇಲ್ಲ. ಹೆಚ್ಚಿನವರಲ್ಲಿ ಒಂದೆರಡು ವರ್ಷಗಳಲ್ಲಿ ಶರೀರವೇ ಅದನ್ನು ನಾಶಪಡಿಸುತ್ತದೆ. ಕೆಲವರಲ್ಲಿ ಮಾತ್ರ ಅದು ಉಳಿದುಕೊಂಡು ಗರ್ಭಕಂಠದ ಕೋಶಗಳನ್ನು ಮೆಲ್ಲಮೆಲ್ಲನೆ ಕೆಡಿಸುತ್ತದೆ. ಬಹಳ ಎಳೆಯ ವಯಸ್ಸಿನಲ್ಲಿ ವಿವಾಹವಾದವರಲ್ಲಿ, ಹೆಚ್ಚು ಸಲ ಹೆತ್ತವರಲ್ಲಿ, ಬೀಡಿ ಮೊದಲಾದ ಧೂಮಪಾನ ಮಾಡುವವರಲ್ಲಿ, ಎಚ್.ಐ.ವಿ. ಸೋಂಕಿನಿಂದ ರೋಗನಿರೋಧಕ ಶಕ್ತಿ ಕುಂದಿದವರಲ್ಲಿ ಇದರ ಸಂಭವ ಅಧಿಕ.

ರೋಗವು ಕೊಡುವ ಕಾಲಾವಕಾಶ

ವೈರಸ್ ಸೇರಿದಂದಿನಿಂದ ಕ್ಯಾನ್ಸರ್ ಆಗುವವರೆಗೆ ಸಾಮಾನ್ಯವಾಗಿ 15ರಿಂದ 20 ವರ್ಷಗಳು ಹಿಡಿಯುತ್ತವೆ. ಎಚ್.ಐ.ವಿ. ಸೋಂಕಿದ್ದು ಅದಕ್ಕೆ ಚಿಕಿತ್ಸೆ ಪಡೆಯದವರಲ್ಲಿ ಈ ಅವಧಿ 5ರಿಂದ 10 ವರ್ಷಗಳಿಗೆ ಇಳಿಯಬಹುದು. ಇಷ್ಟು ದೀರ್ಘ ಕಾಲಾವಕಾಶವನ್ನು ಕೊಡುವ ಮಾರಕ ರೋಗಗಳು ವಿರಳ.

ತಾವೆಲ್ಲರೂ ಒಕ್ಕಲುತನ ಬಲ್ಲವರು. ಎರೆಹೊಲದಲ್ಲಿ ಕರಿಕೆಯು ಆಗತಾನೆ ಚಿಗುರಿದಾಗ ಕುರ್ಚಿಗೆಯಿಂದ ಕಿತ್ತು ಬಿಸಾಡಬಹುದು. ಅದೇ ಬೇರು ಬಿಟ್ಟು ಹೊಲವನ್ನೆಲ್ಲ ಆವರಿಸಿದ ಮೇಲೆ ನೇಗಿಲು ಹೂಡಿ ಆಳವಾಗಿ ಉತ್ತರೂ ಪೂರ್ತಿ ಹೋಗುವುದು ಕಷ್ಟ. ಗರ್ಭಕಂಠದ ಕೆಟ್ಟ ಕೋಶಗಳ ವಿಷಯವೂ ಹೀಗೆಯೇ. ಮೇಲ್ಪದರದಲ್ಲಿಯೇ ಇರುವಾಗ ಕೆಲವು ನಿಮಿಷಗಳ ಚಿಕಿತ್ಸೆಯಿಂದ ಅವುಗಳನ್ನು ತೆಗೆದುಹಾಕಬಹುದು. ಆದರೆ ಆ ಹಂತದಲ್ಲಿ ನೋವಿಲ್ಲ, ರಕ್ತವಿಲ್ಲ, ಯಾವ ತೊಂದರೆಯೂ ಇರುವುದಿಲ್ಲ. ತೊಂದರೆಯಿಲ್ಲದಾಗಲೇ ಪರೀಕ್ಷೆ ಮಾಡಿಸಿಕೊಳ್ಳಬೇಕೆಂದು ನಾವು ಹೇಳುವುದು ಈ ಕಾರಣದಿಂದಲೇ.

ಹೀಗಿದ್ದರೂ ನಮ್ಮ ದೇಶದಲ್ಲಿ ಈ ರೋಗವು ಎಷ್ಟೋ ಮನೆಗಳ ದೀಪವನ್ನು ಆರಿಸುತ್ತಿದೆ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗದ ಅಂದಾಜಿನಂತೆ 2022ನೆಯ ಒಂದೇ ವರ್ಷದಲ್ಲಿ ಭಾರತದಲ್ಲಿ ಸುಮಾರು 1,27,000 ಮಹಿಳೆಯರಿಗೆ ಇದು ಬಂದಿತು. ಸುಮಾರು 80,000 ಮಹಿಳೆಯರು ಮೃತಪಟ್ಟರು. 2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ, 30ರಿಂದ 49 ವರ್ಷದ ಮಹಿಳೆಯರ ಪೈಕಿ ಎಂದಾದರೂ ಗರ್ಭಕಂಠದ ಪರೀಕ್ಷೆ ಮಾಡಿಸಿಕೊಂಡವರು ನೂರಕ್ಕೆ ಇಬ್ಬರಿಗಿಂತಲೂ ಕಡಿಮೆಯೆಂದು ಕಂಡುಬಂದಿತು. ರೋಗವು ಹದಿನೈದು ವರ್ಷಗಳ ಅವಕಾಶ ಕೊಡುತ್ತಿದೆ. ಅದನ್ನು ವ್ಯರ್ಥಗೊಳಿಸುತ್ತಿರುವವರು ನಾವು.

ಪರೀಕ್ಷೆಯಿಂದ ಪ್ರಯೋಜನವಿದೆಯೇ?

ಪರೀಕ್ಷೆಯೆಲ್ಲ ಪಟ್ಟಣದವರಿಗೆ, ಹೊಲದಲ್ಲಿ ದುಡಿಯುವವರಿಗೆ ಇದರಿಂದೇನು ಎಂದು ಕೆಲವರು ಕೇಳುತ್ತಾರೆ. ಇದಕ್ಕೆ ಉತ್ತರವಾಗಿ ದೂರದ ದೇಶದ ಮಾತು ಬೇಡ. ನಮ್ಮ ನೆರೆಯ ಮಹಾರಾಷ್ಟ್ರದ ಒಂದು ಜಿಲ್ಲೆಯ ಮಾತನ್ನೇ ಹೇಳುತ್ತೇನೆ. ಈಗ ಧಾರಾಶಿವ ಎಂದು ಕರೆಯಲಾಗುವ ಉಸ್ಮಾನಾಬಾದ್ ಜಿಲ್ಲೆಯು ನಮ್ಮ ರಾಯಚೂರಿನಂತೆಯೇ ಹಿಂದೆ ಹೈದರಾಬಾದ್ ಸಂಸ್ಥಾನಕ್ಕೆ ಸೇರಿತ್ತು. ಅಲ್ಲಿಯೂ ಮಳೆಯನ್ನು ನಂಬಿದ ಒಕ್ಕಲುತನ. ಅಲ್ಲಿಯೂ ನಮ್ಮಂತೆಯೇ ಹಳ್ಳಿಯ ಜನ. 1999ರಿಂದ ಮುಂಬಯಿಯ ಟಾಟಾ ಸ್ಮಾರಕ ಕೇಂದ್ರ, ಬಾರ್ಶಿಯ ನರ್ಗಿಸ್ ದತ್ ಸ್ಮಾರಕ ಕ್ಯಾನ್ಸರ್ ಆಸ್ಪತ್ರೆ ಹಾಗೂ ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆಗಳು ಸೇರಿ ಆ ಜಿಲ್ಲೆಯ ಹಳ್ಳಿಗಳಲ್ಲಿ 30ರಿಂದ 59 ವರ್ಷದ 1,31,746 ಆರೋಗ್ಯವಂತ ಮಹಿಳೆಯರನ್ನು ಒಳಗೊಂಡ ಅಧ್ಯಯನವನ್ನು ಕೈಗೊಂಡವು. ಗ್ರಾಮಗಳನ್ನು ನಾಲ್ಕು ಗುಂಪುಗಳಾಗಿ ವಿಂಗಡಿಸಿ, ಮೂರು ಗುಂಪುಗಳಲ್ಲಿ ಮೂರು ಬೇರೆಬೇರೆ ಪರೀಕ್ಷೆಗಳನ್ನು ನಡೆಸಲಾಯಿತು. ನಾಲ್ಕನೆಯ ಗುಂಪಿನಲ್ಲಿ ಎಂದಿನ ವೈದ್ಯಕೀಯ ಸೌಲಭ್ಯವಷ್ಟೇ ಇತ್ತು. ಇದರ ಫಲಿತಾಂಶವು 2009ರಲ್ಲಿ ಪ್ರಕಟವಾಯಿತು. ಒಂದೇ ಒಂದು ಸಲ ಎಚ್.ಪಿ.ವಿ. ಪರೀಕ್ಷೆ ಮಾಡಿದ ಗುಂಪಿನ ಸುಮಾರು 34,000 ಮಹಿಳೆಯರಲ್ಲಿ ಈ ರೋಗದಿಂದ 34 ಮಂದಿ ಮೃತಪಟ್ಟಿದ್ದರು. ಪರೀಕ್ಷೆ ನಡೆಯದ ಗುಂಪಿನ ಸುಮಾರು 31,500 ಮಹಿಳೆಯರಲ್ಲಿ 64 ಮಂದಿ ಮೃತಪಟ್ಟಿದ್ದರು. ಜೀವಮಾನದಲ್ಲಿ ಒಮ್ಮೆ ಮಾಡಿದ ಪರೀಕ್ಷೆಯಿಂದ ಮರಣಗಳು ಹೆಚ್ಚುಕಡಿಮೆ ಅರ್ಧಕ್ಕೆ ಇಳಿದವು.

ನಮ್ಮ ದೇಶದ ಸರ್ಕಾರಿ ಕಾರ್ಯಕ್ರಮದಲ್ಲಿ ಅಳವಡಿಸಿಕೊಂಡಿರುವುದು ಇನ್ನೂ ಸರಳವಾದ ಒಂದು ಪರೀಕ್ಷೆ. ಗರ್ಭಕಂಠಕ್ಕೆ ವಿನೆಗರ್‌ನಂತಹ ತಿಳಿಯಾದ ಅಸಿಟಿಕ್ ಆಮ್ಲವನ್ನು ಹತ್ತಿಯಿಂದ ಸವರಿ ಒಂದು ನಿಮಿಷ ಕಾದು ನೋಡುತ್ತಾರೆ. ಕೆಟ್ಟ ಕೋಶಗಳಿರುವ ಜಾಗವು ಬಿಳಿಯ ಕಲೆಯಾಗಿ ಎದ್ದು ಕಾಣುತ್ತದೆ. ಮುಂಬಯಿಯ ಕೊಳೆಗೇರಿಗಳಲ್ಲಿ ಸುಮಾರು ಒಂದೂವರೆ ಲಕ್ಷ ಮಹಿಳೆಯರ ನಡುವೆ ನಡೆದ ಅಧ್ಯಯನವೊಂದರಲ್ಲಿ, ತರಬೇತಿ ಪಡೆದ ಆರೋಗ್ಯ ಕಾರ್ಯಕರ್ತೆಯರೇ ಈ ಪರೀಕ್ಷೆಯನ್ನು ಎರಡು ವರ್ಷಗಳಿಗೊಮ್ಮೆ ನಡೆಸಿ, ಈ ರೋಗದ ಮರಣಗಳನ್ನು ನೂರಕ್ಕೆ 31ರಷ್ಟು ತಗ್ಗಿಸಿದರು. ಸರ್ಕಾರವು 2016ರಲ್ಲಿ ರೂಪಿಸಿದ ಕಾರ್ಯಕ್ರಮದಂತೆ 30ರಿಂದ 65 ವರ್ಷದ ಪ್ರತಿಯೊಬ್ಬ ಮಹಿಳೆಯೂ 5 ವರ್ಷಗಳಿಗೊಮ್ಮೆ ಈ ಪರೀಕ್ಷೆ ಮಾಡಿಸಿಕೊಳ್ಳತಕ್ಕದ್ದು.

ಪರೀಕ್ಷೆ ಹೇಗೆ ನಡೆಯುತ್ತದೆಂಬುದು ತಿಳಿದಿದ್ದರೆ ಭಯವು ತಾನಾಗಿಯೇ ಕಡಿಮೆಯಾಗುತ್ತದೆ. ಮುಟ್ಟಿನ ದಿನಗಳನ್ನು ಬಿಟ್ಟು ಬೇರೆ ದಿನ ಬರಬೇಕು. ಪರದೆಯ ಮರೆಯಲ್ಲಿ ಮೇಜಿನ ಮೇಲೆ ಮಲಗಿಸುತ್ತಾರೆ. ಹೆರಿಗೆಯ ಪರೀಕ್ಷೆಯಲ್ಲಿ ಬಳಸುವಂತಹ ಉಪಕರಣವೊಂದರಿಂದ ದಾರಿಯನ್ನು ಅಗಲಿಸಿ, ದೀಪದ ಬೆಳಕಿನಲ್ಲಿ ಗರ್ಭಕಂಠವನ್ನು ನೋಡುತ್ತಾರೆ. ಸ್ವಲ್ಪ ಬಿಗಿದಂತೆ ಅನ್ನಿಸಬಹುದು. ಆಮ್ಲ ಸವರಿದಾಗ ಕ್ಷಣಕಾಲ ಚುರುಕು ಎನ್ನಬಹುದು. ಕೊಯ್ಯುವುದಿಲ್ಲ, ಸೂಜಿ ಚುಚ್ಚುವುದಿಲ್ಲ. ಐದು ಹತ್ತು ನಿಮಿಷಗಳಲ್ಲಿ ಮುಗಿಯುತ್ತದೆ. ಆರೋಗ್ಯ ಸಹಾಯಕಿಯಾಗಲಿ ದಾದಿಯಾಗಲಿ ಸದಾ ಜೊತೆಯಲ್ಲಿರುತ್ತಾರೆ. ಮಹಿಳೆಯೇ ಪರೀಕ್ಷಿಸಬೇಕೆಂದು ತಾವು ಕೇಳಿದರೆ ಅದರಲ್ಲಿ ತಪ್ಪಿಲ್ಲ; ಕೇಳಿ. ಬಿಳಿಯ ಕಲೆ ಕಂಡ ಮಾತ್ರಕ್ಕೆ ಕ್ಯಾನ್ಸರ್ ಎಂದು ಎದೆಗೆಡಬೇಕಾಗಿಲ್ಲ. ಅಂತಹವರಲ್ಲಿ ಹೆಚ್ಚಿನವರಿಗೆ ಕ್ಯಾನ್ಸರ್ ಇರುವುದಿಲ್ಲ. ಮುಂದಿನ ಪರೀಕ್ಷೆಗಾಗಿ ದೊಡ್ಡ ಆಸ್ಪತ್ರೆಗೆ ಹೋಗಬೇಕೆಂಬುದಷ್ಟೇ ಅದರ ಅರ್ಥ.

ಯಾವ ಚಿಹ್ನೆಗಳನ್ನು ಅಲಕ್ಷಿಸಬಾರದು?

ರೋಗವು ಮುಂದುವರಿದಾಗ ಕೆಲವು ಚಿಹ್ನೆಗಳು ಕಾಣಿಸಿಕೊಳ್ಳುತ್ತವೆ. ಮುಟ್ಟಿನ ನಡುವಿನ ದಿನಗಳಲ್ಲಿ ರಕ್ತ ಕಾಣುವುದು. ಗಂಡಹೆಂಡಿರು ಕೂಡಿದ ನಂತರ ರಕ್ತ ಕಾಣುವುದು. ಮುಟ್ಟು ನಿಂತು ಒಂದು ವರ್ಷ ಕಳೆದ ಮೇಲೆ ಪುನಃ ರಕ್ತ ಬರುವುದು. ದುರ್ವಾಸನೆಯಿಂದ ಕೂಡಿದ, ಮಾಂಸ ತೊಳೆದ ನೀರಿನಂತಹ ಸ್ರಾವ. ಕಿಬ್ಬೊಟ್ಟೆ ಮತ್ತು ಸೊಂಟದಲ್ಲಿ ಬಿಡದ ನೋವು. ಇವುಗಳಲ್ಲಿ ಯಾವುದೊಂದು ಕಂಡರೂ ವಾರದೊಳಗೆ ವೈದ್ಯರಿಗೆ ತೋರಿಸಬೇಕು. ಮುಟ್ಟು ನಿಂತ ಮೇಲೆ ಬರುವ ರಕ್ತವು ಮರಳಿ ಬಂದ ಮುಟ್ಟಲ್ಲ ಎಂಬುದನ್ನು ಪ್ರತಿಯೊಬ್ಬ ಸೊಸೆಯೂ ತನ್ನ ಅತ್ತೆಗೆ, ಪ್ರತಿಯೊಬ್ಬ ಮಗಳೂ ತನ್ನ ತಾಯಿಗೆ ತಿಳಿಸಬೇಕು.

ಇದಕ್ಕೆ ವಿರುದ್ಧವಾದ ಇನ್ನೊಂದು ತಪ್ಪಿನ ವಿಷಯದಲ್ಲಿಯೂ ಎಚ್ಚರಿಸಬೇಕಾಗಿದೆ. ಬಿಳಿಸೆರಗು ಹೋಗುವುದೆಲ್ಲವೂ ಕ್ಯಾನ್ಸರ್ ಅಲ್ಲ. ಅದು ಬಹುಮಟ್ಟಿಗೆ ಸಾಮಾನ್ಯ ಸೋಂಕಿನಿಂದ ಬಂದುದಾಗಿದ್ದು ಮಾತ್ರೆಗಳಿಂದ ಗುಣವಾಗುತ್ತದೆ. ಅನೇಕ ಸಲ ಗಂಡನಿಗೂ ಮಾತ್ರೆ ಕೊಡಬೇಕಾಗುತ್ತದೆ. ಆದರೆ ನಮ್ಮ ಭಾಗದಲ್ಲಿ ಬಿಳಿಸೆರಗು, ಹೊಟ್ಟೆನೋವು ಎಂದು ಹೋದ ಎಳೆಯ ವಯಸ್ಸಿನ ಹೆಣ್ಣುಮಕ್ಕಳಿಗೆ ಮುಂದೆ ಕ್ಯಾನ್ಸರ್ ಆದೀತೆಂಬ ಭಯ ಹುಟ್ಟಿಸಿ ಗರ್ಭಕೋಶವನ್ನೇ ತೆಗೆದುಹಾಕಿದ ಉದಾಹರಣೆಗಳಿವೆ. ಕಲಬುರಗಿ ಜಿಲ್ಲೆಯ ತಾಂಡಾಗಳ ಮತ್ತು ಹಳ್ಳಿಗಳ ಮಹಿಳೆಯರು ಇಂತಹ ಅನವಶ್ಯಕ ಶಸ್ತ್ರಚಿಕಿತ್ಸೆಗಳ ವಿರುದ್ಧ 2017ರಲ್ಲಿ ಬೀದಿಗಿಳಿದು ಪ್ರತಿಭಟಿಸಿದರು. ಎಮ್ಮೆ ಮಾರಿ, ಸಾಲ ಮಾಡಿ, ಇಲ್ಲದ ರೋಗಕ್ಕೆ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡು, ಸೊಂಟದ ಶಕ್ತಿ ಕಳೆದುಕೊಂಡು ಕೂಲಿಗೂ ಹೋಗಲಾರದೆ ಕುಳಿತವರನ್ನು ನಾನು ಕಂಡಿದ್ದೇನೆ. ಯಾರಾದರೂ ಗರ್ಭಕೋಶ ತೆಗೆಯಬೇಕೆಂದು ಹೇಳಿದರೆ, ಗರ್ಭಕಂಠದ ಪರೀಕ್ಷೆ ಆಗಿದೆಯೇ, ಚೂರು ತೆಗೆದು ನೋಡುವ ಬಯಾಪ್ಸಿಯ ವರದಿ ಬಂದಿದೆಯೇ ಎಂದು ಕೇಳಿ. ಆ ಕಾಗದಗಳೊಂದಿಗೆ ಸರ್ಕಾರಿ ಆಸ್ಪತ್ರೆಯಲ್ಲಿ ಇನ್ನೊಬ್ಬ ವೈದ್ಯರ ಅಭಿಪ್ರಾಯ ಪಡೆಯದೆ ಒಪ್ಪಿಗೆಯ ಪತ್ರಕ್ಕೆ ಹೆಬ್ಬೆಟ್ಟು ಒತ್ತಬೇಡಿ.

ಚಿಕಿತ್ಸೆಯ ಕ್ರಮ

ಚಿಕಿತ್ಸೆಯು ರೋಗದ ಹಂತವನ್ನು ಅವಲಂಬಿಸಿದೆ. ಕ್ಯಾನ್ಸರ್ ಆಗುವುದಕ್ಕೆ ಮುಂಚಿನ ಹಂತದಲ್ಲಿ ಕೆಟ್ಟ ಜಾಗವನ್ನು ಶಾಖದಿಂದ ಅಥವಾ ಅತಿಶೀತದಿಂದ ನಾಶಪಡಿಸುತ್ತಾರೆ, ಇಲ್ಲವೇ ವಿದ್ಯುತ್ ತಂತಿಯ ಕುಣಿಕೆಯಿಂದ ಅಷ್ಟು ಭಾಗವನ್ನು ಮಾತ್ರ ತೆಗೆಯುತ್ತಾರೆ. ಸಾಮಾನ್ಯವಾಗಿ ಅದೇ ದಿನ ಮನೆಗೆ ಮರಳಬಹುದು. ಗರ್ಭಕೋಶವು ಹಾಗೆಯೇ ಉಳಿಯುತ್ತದೆ. ಮುಂದೆ ಮಕ್ಕಳೂ ಆಗಬಹುದು. ಸುಮಾರು ನಾಲ್ಕು ವಾರಗಳ ಕಾಲ ದಂಪತಿಗಳು ಸಂಪರ್ಕವನ್ನು ವರ್ಜಿಸಬೇಕು. ಗಂಡನ ಸಹಕಾರವಿಲ್ಲದೆ ಇದು ಸಾಧ್ಯವಿಲ್ಲ.

ಕ್ಯಾನ್ಸರ್ ಆಗಿದ್ದರೂ ಅದು ಗರ್ಭಕಂಠದಲ್ಲಿಯೇ ಇದ್ದು ಗಾತ್ರದಲ್ಲಿ ಚಿಕ್ಕದಾಗಿದ್ದರೆ, ಶಸ್ತ್ರಚಿಕಿತ್ಸೆಯಿಂದ ಗರ್ಭಕೋಶವನ್ನೂ ಸುತ್ತಲಿನ ಭಾಗವನ್ನೂ ತೆಗೆಯುತ್ತಾರೆ. ಈ ಹಂತದಲ್ಲಿ ಸರಿಯಾದ ಚಿಕಿತ್ಸೆ ಪಡೆದವರಲ್ಲಿ ಬಹುಪಾಲು ಜನ ಗುಣಹೊಂದುತ್ತಾರೆ.

ರೋಗವು ಅಕ್ಕಪಕ್ಕಕ್ಕೆ ಹಬ್ಬಿದ್ದರೆ ಮುಖ್ಯ ಚಿಕಿತ್ಸೆ ವಿಕಿರಣದ್ದು. ಇದನ್ನು ನಮ್ಮ ಜನ "ಕರೆಂಟ್ ಕೊಡುವುದು" ಎನ್ನುತ್ತಾರೆ. ಆದರೆ ಇದು ವಿದ್ಯುತ್ ಅಲ್ಲ. ಎಲುಬು ಮುರಿದಾಗ ಚಿತ್ರ ತೆಗೆಯುವ ಕ್ಷ-ಕಿರಣದ ಜಾತಿಗೆ ಸೇರಿದ, ಅದಕ್ಕಿಂತ ಬಹಳ ಬಲಶಾಲಿಯಾದ ಕಿರಣಗಳಿವು. ಕಿರಣ ಬೀಳುವಾಗ ನೋವಾಗುವುದಿಲ್ಲ. ವಾರಕ್ಕೆ ಐದು ದಿನಗಳಂತೆ ಸುಮಾರು ಐದು ವಾರ, ಪ್ರತಿದಿನವೂ ಕೆಲವು ನಿಮಿಷ ಹೊರಗಿನಿಂದ ಕಿರಣ ಕೊಡುತ್ತಾರೆ. ವಾರಕ್ಕೊಮ್ಮೆ ಸಿಸ್‌ಪ್ಲಾಟಿನ್ ಎಂಬ ಔಷಧವನ್ನು ರಕ್ತನಾಳದ ಮೂಲಕ ಹನಿಸುತ್ತಾರೆ. ಇದರಿಂದ ಕಿರಣದ ಪರಿಣಾಮ ಹೆಚ್ಚುತ್ತದೆಂಬುದು 1999ರಲ್ಲಿ ಪ್ರಕಟವಾದ ಹಲವು ಅಧ್ಯಯನಗಳಿಂದ ಸ್ಥಿರಪಟ್ಟಿದೆ. ನಂತರ ಬ್ರೇಕಿಥೆರಪಿ ಎಂಬ ವಿಧಾನದಲ್ಲಿ, ಚಿಕ್ಕ ಕೊಳವೆಯೊಂದನ್ನು ಗರ್ಭಕಂಠದವರೆಗೆ ಇರಿಸಿ ಒಳಗಿನಿಂದಲೇ ಕಿರಣ ಕೊಡುತ್ತಾರೆ. ಇವೆಲ್ಲವೂ ಒಟ್ಟು ಎಂಟು ವಾರಗಳ ಒಳಗೆ ಮುಗಿಯತಕ್ಕದ್ದು. ನಡುವೆ ಬಿಟ್ಟುಬಿಟ್ಟು ಕೊಟ್ಟರೆ ಉಳಿದ ಕೆಟ್ಟ ಕೋಶಗಳು ಚೇತರಿಸಿಕೊಂಡು ಮತ್ತೆ ಬೆಳೆಯುತ್ತವೆ.

ನಾನು ಮೊದಲು ಹೇಳಿದ ಆ ತಾಯಿಯ ವಿಷಯದಲ್ಲಿ ಆದದ್ದು ಇದೇ. ಅವರ ಯಜಮಾನರು ಅವರನ್ನು ದೊಡ್ಡ ಆಸ್ಪತ್ರೆಗೆ ಕರೆದೊಯ್ದರು. ಎರಡು ಮೂರು ವಾರಗಳಲ್ಲಿಯೇ ರಕ್ತ ನಿಂತಿತು, ಮುಖದಲ್ಲಿ ಕಳೆ ಬಂದಿತು. ಅಷ್ಟರಲ್ಲಿ ಹತ್ತಿ ಬಿಡಿಸುವ ಕಾಲ ಬಂದುದರಿಂದ ಇಬ್ಬರೂ ಊರಿಗೆ ಮರಳಿದರು. ಮರುವರ್ಷ ರೋಗವು ಮೊದಲಿಗಿಂತ ಉಗ್ರವಾಗಿ ಕಾಣಿಸಿಕೊಂಡಿತು. ಆ ತಾಯಿ ಉಳಿಯಲಿಲ್ಲ. "ರಕ್ತ ನಿಂತಿತ್ತರಿ ಸಾಹೇಬ್ರ, ಬ್ಯಾನಿ ಹೋತು ಅಂತ ತಿಳ್ಕೊಂಡ್ವಿ" ಎಂದು ಆ ಯಜಮಾನರು ನನ್ನೆದುರು ಕಣ್ಣೀರಿಟ್ಟರು. ಹೆಂಡತಿಯ ಮೇಲೆ ಅವರಿಗೆ ಪ್ರೀತಿಯಿರಲಿಲ್ಲವೆಂದಲ್ಲ. ರಕ್ತ ನಿಲ್ಲುವುದು ಚಿಕಿತ್ಸೆಯ ಆರಂಭದ ಫಲವೇ ಹೊರತು ರೋಗದ ಅಂತ್ಯವಲ್ಲವೆಂದು ಅವರಿಗೆ ಯಾರೂ ಬಿಡಿಸಿ ಹೇಳಿರಲಿಲ್ಲ. ಆ ಮಾತನ್ನು ತಮಗೆ ಇಂದು ಹೇಳುತ್ತಿದ್ದೇನೆ.

ಚಿಕಿತ್ಸೆಯ ಕಾಲದಲ್ಲಿ ಭೇದಿ, ಉರಿಮೂತ್ರ, ವಾಕರಿಕೆ, ಆಯಾಸ ಉಂಟಾಗಬಹುದು. ಇವುಗಳಿಗೆ ಔಷಧಗಳಿವೆ, ಹೆದರಿ ಓಡಿಬರಬಾರದು. ರಕ್ತಹೀನತೆಯಿದ್ದರೆ ಕಿರಣದ ಪರಿಣಾಮವು ಕುಗ್ಗುವುದರಿಂದ ವೈದ್ಯರು ರಕ್ತ ಹಾಕಬೇಕೆಂದರೆ ಮನೆಯವರು ರಕ್ತದಾನಕ್ಕೆ ಹಿಂಜರಿಯಬಾರದು. ವಿಕಿರಣ ಪಡೆದವರಿಗೆ ಮುಟ್ಟು ನಿಲ್ಲುತ್ತದೆ, ಮಕ್ಕಳಾಗುವುದಿಲ್ಲ. ಗುಣಹೊಂದಿದ ಮೇಲೆ ವೈದ್ಯರ ಸಲಹೆಯಂತೆ ದಾಂಪತ್ಯ ಸಂಬಂಧವನ್ನು ಮುಂದುವರಿಸಬಹುದು. ಅದರಿಂದ ರೋಗ ಮರುಕಳಿಸುವುದಿಲ್ಲ, ಗಂಡನಿಗೆ ಕ್ಯಾನ್ಸರ್ ಅಂಟುವುದೂ ಇಲ್ಲ. ಗುಣಪಡಿಸಲಾಗದಷ್ಟು ರೋಗ ಮುಂದುವರಿದಿದ್ದರೂ ನೋವು ಶಮನ ಮಾಡಲು ಮಾರ್ಫಿನ್‌ನಂತಹ ಪರಿಣಾಮಕಾರಿ ಔಷಧಗಳಿವೆ. ಇನ್ನೇನೂ ಮಾಡುವಂತಿಲ್ಲವೆಂದು ಯಾವ ತಾಯಿಯನ್ನೂ ಮೂಲೆಯಲ್ಲಿ ನರಳಲು ಬಿಡಬಾರದು.

ಎಲ್ಲಿಗೆ ಹೋಗಬೇಕು? ವೆಚ್ಚವೇನು?

ಮೊದಲು ತಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಬನ್ನಿ. ಅಲ್ಲಿಂದ ಪತ್ರ ಪಡೆದು ತಾಲ್ಲೂಕು ಆಸ್ಪತ್ರೆಗೆ, ಅಗತ್ಯವಿದ್ದರೆ ರಾಯಚೂರಿನ ವೈದ್ಯಕೀಯ ವಿಜ್ಞಾನ ಸಂಸ್ಥೆಯ ಬೋಧಕ ಆಸ್ಪತ್ರೆಗೆ ಹೋಗಬಹುದು. ಬೆಂಗಳೂರಿನ ಕಿದ್ವಾಯಿ ಸ್ಮಾರಕ ಗಂಥಿ ಸಂಸ್ಥೆಯು 1973ರಿಂದ ನಮ್ಮ ರಾಜ್ಯದ ಕ್ಯಾನ್ಸರ್ ರೋಗಿಗಳಿಗೆ ಚಿಕಿತ್ಸೆ ನೀಡುತ್ತಿದೆ. ಅದರ ಶಾಖೆಯು ಕಲಬುರಗಿಯಲ್ಲಿದೆ. ನಮ್ಮ ಭಾಗದವರು ಎಲ್ಲದಕ್ಕೂ ಬೆಂಗಳೂರಿನವರೆಗೆ ಅಲೆಯಬೇಕಾಗಿಲ್ಲ.

ಬಿ.ಪಿ.ಎಲ್. ಪಡಿತರ ಚೀಟಿಯುಳ್ಳ ಕುಟುಂಬಗಳಿಗೆ ಆಯುಷ್ಮಾನ್ ಭಾರತ್ – ಆರೋಗ್ಯ ಕರ್ನಾಟಕ ಯೋಜನೆಯಡಿ ವರ್ಷಕ್ಕೆ ಕುಟುಂಬವೊಂದಕ್ಕೆ 5 ಲಕ್ಷ ರೂಪಾಯಿಗಳವರೆಗಿನ ಚಿಕಿತ್ಸೆ ಉಚಿತವಾಗಿ ದೊರೆಯುತ್ತದೆ. ಕ್ಯಾನ್ಸರ್ ಚಿಕಿತ್ಸೆಯೂ ಇದರಲ್ಲಿ ಸೇರಿದೆ. ಪಡಿತರ ಚೀಟಿ, ಆಧಾರ್ ಚೀಟಿ ಮತ್ತು ಸರ್ಕಾರಿ ಆಸ್ಪತ್ರೆಯ ಶಿಫಾರಸು ಪತ್ರವನ್ನು ಮರೆಯದೆ ಜೊತೆಯಲ್ಲಿ ಒಯ್ಯಬೇಕು. 2023ರ ಜೂನ್ 11ರಿಂದ ರಾಜ್ಯದ ಸಾಮಾನ್ಯ ಸರ್ಕಾರಿ ಬಸ್ಸುಗಳಲ್ಲಿ ಮಹಿಳೆಯರಿಗೆ ಪ್ರಯಾಣದರವಿಲ್ಲ. ಕ್ಯಾನ್ಸರ್ ರೋಗಿಗೂ ಜೊತೆಯಲ್ಲಿ ಹೋಗುವವರೊಬ್ಬರಿಗೂ ರೈಲಿನಲ್ಲಿ ರಿಯಾಯಿತಿ ಇದೆ. ಇದಕ್ಕೆ ಆಸ್ಪತ್ರೆಯವರಿಂದ ನಿಗದಿತ ಪ್ರಮಾಣಪತ್ರ ಪಡೆಯಬೇಕು.

ಮುಂದಿನ ಪೀಳಿಗೆಗೆ

ತಮ್ಮ ಹೆಣ್ಣುಮಕ್ಕಳನ್ನು ಈ ರೋಗದಿಂದ ಬಹುಮಟ್ಟಿಗೆ ರಕ್ಷಿಸುವ ಲಸಿಕೆ ಈಗ ಲಭ್ಯವಿದೆ. 9ರಿಂದ 14 ವರ್ಷದೊಳಗೆ, ವೈರಸ್ ತಗಲುವುದಕ್ಕೆ ಮುಂಚೆಯೇ, ಇದನ್ನು ಹಾಕಿಸುವುದು ಅತ್ಯುತ್ತಮ. ಈ ವಯಸ್ಸಿನವರಿಗೆ ಒಂದು ಅಥವಾ ಎರಡು ಚುಚ್ಚುಮದ್ದು ಸಾಕೆಂದು ವಿಶ್ವ ಆರೋಗ್ಯ ಸಂಸ್ಥೆಯು 2022ರಲ್ಲಿ ತಿಳಿಸಿದೆ. ಅದೇ ವರ್ಷ ನಮ್ಮ ದೇಶದಲ್ಲಿಯೇ ತಯಾರಾದ ಸರ್ವಾವ್ಯಾಕ್ ಎಂಬ ಲಸಿಕೆಗೂ ಅನುಮತಿ ದೊರೆಯಿತು. ಸ್ಕಾಟ್ಲೆಂಡ್ ದೇಶದಲ್ಲಿ 12–13ನೆಯ ವಯಸ್ಸಿನಲ್ಲಿ ಈ ಲಸಿಕೆ ಪಡೆದ ಹುಡುಗಿಯರಲ್ಲಿ ಮುಂದೆ ಒಬ್ಬರಿಗೂ ಈ ಕ್ಯಾನ್ಸರ್ ಕಂಡುಬಂದಿಲ್ಲವೆಂದು 2024ರಲ್ಲಿ ವರದಿಯಾಗಿದೆ. ಲಸಿಕೆಯಿಂದ ಮಕ್ಕಳಾಗುವುದಿಲ್ಲವೆಂಬುದು ಕೇವಲ ಗಾಳಿಮಾತು. ಯಾವ ವಯಸ್ಸಿನವರಿಗೆ, ಎಲ್ಲಿ, ಯಾವಾಗ ಲಸಿಕೆ ಹಾಕುತ್ತಾರೆಂಬುದನ್ನು ಊರಿನ ಆಶಾ ಕಾರ್ಯಕರ್ತೆಯಿಂದ ವಿಚಾರಿಸಿ ತಿಳಿಯಿರಿ. ಲಸಿಕೆ ಪಡೆದವರೂ ಮುಂದೆ 30 ವರ್ಷ ದಾಟಿದ ಮೇಲೆ ಪರೀಕ್ಷೆ ಮಾಡಿಸಿಕೊಳ್ಳಲೇಬೇಕು.

ಹೆಣ್ಣುಮಕ್ಕಳಿಗೆ 18 ವರ್ಷ ತುಂಬುವ ಮೊದಲು ವಿವಾಹ ಮಾಡದಿರುವುದು, ಮಕ್ಕಳ ನಡುವೆ ಅಂತರವಿಟ್ಟು ಮಿತ ಸಂತಾನ ಹೊಂದುವುದು, ನಿರೋಧ್ ಬಳಸುವುದು, ಇವು ಸಹ ಒಂದು ಮಟ್ಟಿಗೆ ರಕ್ಷಣೆ ಕೊಡುತ್ತವೆ. ಕುಟುಂಬ ಕಲ್ಯಾಣವೆಂದರೆ ಮಕ್ಕಳ ಸಂಖ್ಯೆಯ ಲೆಕ್ಕವಷ್ಟೇ ಅಲ್ಲ. ಮಕ್ಕಳನ್ನು ಹೆತ್ತ ತಾಯಿಯ ಆರೋಗ್ಯವೂ ಅದರಲ್ಲಿ ಅಡಗಿದೆ.

ಕೊನೆಯ ಮಾತು

ಸಹೋದರರೇ, ಮನೆಯ ಎತ್ತು ಒಂದು ಹೊತ್ತು ಮೇವು ಬಿಟ್ಟರೆ ತಾವು ಪಶುವೈದ್ಯರನ್ನು ಹುಡುಕಿಕೊಂಡು ಹೋಗುತ್ತೀರಿ. ಹೆಂಡತಿಯು ತಿಂಗಳುಗಟ್ಟಲೆ ನೋವು ನುಂಗಿಕೊಂಡಿದ್ದರೆ ಅದು ತಮ್ಮ ಗಮನಕ್ಕೆ ಬರುವುದಿಲ್ಲ. ಏಕೆಂದರೆ ಆಕೆ ಹೇಳುವುದಿಲ್ಲ. ತಾವೇ ಕೇಳಬೇಕು. ಪರೀಕ್ಷೆಗೆ ಹೋಗೆಂದು ಹೇಳಿ ಕಳುಹಿಸುವುದಕ್ಕಿಂತ ಜೊತೆಯಲ್ಲಿ ಬರುವುದು ಮೇಲು. ಎಂಟು ವಾರ ಚಿಕಿತ್ಸೆಯೆಂದರೆ ಎಂಟು ವಾರ ಮನೆಯ ಒಲೆಯನ್ನೂ ದನಕರುಗಳನ್ನೂ ಯಾರು ನೋಡಿಕೊಳ್ಳಬೇಕೆಂಬ ಚಿಂತೆ ಆಕೆಯದು. ಆ ಚಿಂತೆಯನ್ನು ತಾವು ಹೊತ್ತುಕೊಂಡರೆ ಅರ್ಧ ಚಿಕಿತ್ಸೆಯಾದಂತೆಯೇ ಸರಿ. ಒಂದು ಬೆಳೆ ಕೆಟ್ಟರೆ ಮರುವರ್ಷ ಬಿತ್ತಬಹುದು.

ತಾಯಂದಿರೇ, ತಾವೂ ನಾಚಿಕೆಯನ್ನು ಆಸ್ಪತ್ರೆಯ ಬಾಗಿಲಲ್ಲಿಯೇ ಬಿಟ್ಟು ಬನ್ನಿ. ಹೆರಿಗೆಯ ಸಮಯದಲ್ಲಿ ಮಗುವಿನ ಜೀವಕ್ಕಾಗಿ ಬಿಟ್ಟ ನಾಚಿಕೆಯನ್ನು ತಮ್ಮ ಜೀವಕ್ಕಾಗಿ ಮತ್ತೊಮ್ಮೆ ಬಿಡುವುದರಲ್ಲಿ ತಪ್ಪೇನಿದೆ?

ಇಂದು ಮನೆಗೆ ಹೋದ ಮೇಲೆ ಈ ಕೆಳಗಿನ ಮಾತುಗಳನ್ನು ನೆನಪಿಡಬೇಕೆಂದು ಪ್ರಾರ್ಥಿಸುತ್ತೇನೆ:

1. ತೊಂದರೆ ಇರಲಿ ಇಲ್ಲದಿರಲಿ, 30 ವರ್ಷ ದಾಟಿದ ಪ್ರತಿಯೊಬ್ಬ ಮಹಿಳೆಯೂ 5 ವರ್ಷಗಳಿಗೊಮ್ಮೆ ಗರ್ಭಕಂಠದ ಪರೀಕ್ಷೆ ಮಾಡಿಸಿಕೊಳ್ಳಬೇಕು.

2. ಮುಟ್ಟಲ್ಲದ ಕಾಲದಲ್ಲಿ ಕಂಡ ರಕ್ತವನ್ನು ಮುಚ್ಚಿಡಬಾರದು.

3. ಬಯಾಪ್ಸಿಯ ವರದಿಯಿಲ್ಲದೆ, ಕ್ಯಾನ್ಸರಿನ ಭಯಕ್ಕೆ ಗರ್ಭಕೋಶ ತೆಗೆಸಬಾರದು.

4. ರಕ್ತ ನಿಂತಿತೆಂದು ಚಿಕಿತ್ಸೆಯನ್ನು ನಡುವೆ ಬಿಡಬಾರದು.

5. ಹೆಣ್ಣುಮಕ್ಕಳಿಗೆ ಸಕಾಲದಲ್ಲಿ ಲಸಿಕೆ ಹಾಕಿಸಬೇಕು.

ಈ ಸಭೆಯಲ್ಲಿರುವ ತಾಯಂದಿರಲ್ಲಿ ಯಾರಿಗಾದರೂ ಹೇಳಿಕೊಳ್ಳಬೇಕಾದುದಿದ್ದರೆ, ಸಭೆ ಮುಗಿದ ಮೇಲೆ ನಮ್ಮ ಆರೋಗ್ಯ ಸಹಾಯಕಿ ಒಳಗಿನ ಕೋಣೆಯಲ್ಲಿ ಇರುತ್ತಾರೆ. ಅವರ ಬಳಿ ಹೇಳಿದ ಮಾತು ಹೊರಗೆ ಹೋಗುವುದಿಲ್ಲ.